ದ್ವಿಕರಣಿಯ ನೆಲೆ: ಚಿತ್ರವೂ ಹೆಸರೂ

2006ರಲ್ಲಿ ಮೊದಲು ಪ್ರಕಟವಾದ ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಗಣಿತ ಪಠ್ಯವು √2ನ್ನು ಸಂಖ್ಯಾರೇಖೆಯ ಮೇಲೆ ಗುರುತಿಸುವ ಬಗೆ ಚಿರಪರಿಚಿತವಾದುದು. ಸೊನ್ನೆಯಲ್ಲಿ ಒಂದು ಮೂಲೆಯಿರುವಂತೆ ಏಕಮಾನ ಬಾಹುವಿನ ಚೌಕ. ಅದರ ಕರ್ಣವನ್ನೇ ತ್ರಿಜ್ಯವಾಗಿಸಿ ಕೈವಾರದಿಂದ ಎಳೆದ ಕಂಸ. ಕಂಸವು ರೇಖೆಯನ್ನು ಕಡಿದೆಡೆಯಲ್ಲಿ √2. ಕರ್ಣದ ತುದಿಗೆ ಏಕಮಾನ ಲಂಬವೊಂದನ್ನು ನಿಲ್ಲಿಸಿದರೆ √3. ಹೀಗೆಯೇ ಬೆಳೆಸಿದರೆ ವರ್ಗಮೂಲಗಳ ಸುರುಳಿ. ನಿರೂಪಣೆ ಅಚ್ಚುಕಟ್ಟಾಗಿದೆ. ಆದರೆ ಈ ಚಿತ್ರವು ಯಾವುದನ್ನು ಸಾಧಿಸುತ್ತದೆ, ಯಾವುದನ್ನು ಸಾಧಿಸುವುದಿಲ್ಲ ಎಂಬುದನ್ನು ಪಠ್ಯವು ಬಿಡಿಸಿ ಹೇಳುವುದಿಲ್ಲ.

ಸುರುಳಿಯ ಮೂರನೆಯ ತ್ರಿಭುಜದ ವಿಕರ್ಣ √4, ಎಂದರೆ 2. ಅದರ ಹಿಂದಿನ √3, ಮುಂದಿನ √5 ಎರಡೂ ಅಭಾಗಲಬ್ಧ. ಕೈವಾರಕ್ಕೆ ಈ ಭೇದವೇ ತಿಳಿಯದು. ಮೂರನ್ನೂ ಅದು ಒಂದೇ ಕ್ರಮದಿಂದ ರೇಖೆಗಿಳಿಸುತ್ತದೆ. ರಚನೆಯಿಂದ ದೊರೆಯುವುದು ಸಂಖ್ಯೆಯ ನೆಲೆ ಮಾತ್ರ. ಅಭಾಗಲಬ್ಧತೆ ತರ್ಕದಿಂದ ದೊರೆಯಬೇಕಾದುದು. ಆ ತರ್ಕವೋ ಹತ್ತನೆಯ ತರಗತಿಗೆ ಸರಿದಿದೆ. ನಡುವಣ ಒಂದು ವರ್ಷ ವಿದ್ಯಾರ್ಥಿಯು ಚಿತ್ರವನ್ನೇ ಪ್ರಮಾಣವೆಂದು ಭಾವಿಸುವ ಅಪಾಯವುಂಟು. ಅರ್ಧವೃತ್ತದಿಂದ √3.5ನ್ನು ಪಡೆಯುವ ಭಾಗದಲ್ಲಿ ಪೈಥಾಗೊರಸ್ ಪ್ರಮೇಯದ ಆಧಾರವನ್ನು ಕೂಡಲೇ ಒದಗಿಸಿರುವುದು ಮೆಚ್ಚತಕ್ಕದ್ದು. ಆದರೆ ಅಲ್ಲಿಯೂ ಸಾಧಿತವಾಗುವುದು ಉದ್ದವೇ.

ಈ ಎರಡು ಕಾರ್ಯಗಳ ಅಂತರ ಗಡಿನಾಡಿನವರಿಗೆ ಹೆಸರುಗಳಲ್ಲಿಯೇ ಎದುರಾಗುತ್ತದೆ. ಕನ್ನಡದ ‘ಅಭಾಗಲಬ್ಧ’, ತಮಿಳಿನ ‘ವಿಗಿದಮುರಾ’, ಮರಾಠಿಯ ‘ಅಪರಿಮೇಯ’, ಮಲಯಾಳದ ‘ಅಭಿನ್ನಕ’ ಇವೆಲ್ಲವೂ ನಿಷೇಧದ ಹೆಸರುಗಳು. ತೆಲುಗಿನಲ್ಲಿ ಮಾತ್ರ ಅಭಾಗಲಬ್ಧ ಸಂಖ್ಯೆಯು ‘ಕರಣೀಯ’, ಭಾಗಲಬ್ಧವು ‘ಅಕರಣೀಯ’. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತೆಲುಗು ಓದುವ ಮಡಕಶಿರಾ, ರಾಯದುರ್ಗದ ಕಡೆಯ ಮಗು ‘ಅ’ಕಾರವನ್ನು ನಂಬಿ ನಡೆದರೆ ಅರ್ಥ ತಲೆಕೆಳಗಾಗುತ್ತದೆ.

ಆದರೂ ಚಿತ್ರಕ್ಕೆ ಹತ್ತಿರವಾದುದು ತೆಲುಗಿನ ಹೆಸರೇ. ಶುಲ್ಬಸೂತ್ರಗಳಲ್ಲಿ ಕರಣಿಯೆಂದರೆ ಉದ್ದಿಷ್ಟ ಕ್ಷೇತ್ರಫಲದ ಚೌಕವನ್ನು ‘ಮಾಡುವ’ ಹಗ್ಗ, ಅದರ ಬಾಹು. ಚೌಕದ ಕರ್ಣವು ಇಮ್ಮಡಿ ಕ್ಷೇತ್ರವನ್ನು ಮಾಡುವುದರಿಂದ ಅದು ದ್ವಿಕರಣಿ. ಎನ್‌ಸಿಇಆರ್‌ಟಿ ಪಠ್ಯವು ಶುಲ್ಬಸೂತ್ರಗಳ ಸನ್ನಿಹಿತ ಬೆಲೆಯನ್ನು, ಎಂದರೆ 577/408ಕ್ಕೆ ಸಮನಾದ 1.4142156ನ್ನು, ಉಲ್ಲೇಖಿಸುತ್ತದೆ. ಬೆಲೆ ಬಂದಿತು, ಹೆಸರು ಬರಲಿಲ್ಲ. ನಮ್ಮ ಪಠ್ಯಗಳಲ್ಲಿ ‘ಕರಣಿ’ ಉಳಿದಿರುವುದು ಬೀಜಗಣಿತದ ಸುಲಭೀಕರಣದ ಲೆಕ್ಕಗಳಲ್ಲಿ. ಹಗ್ಗದ ನೆನಪು ಅಲ್ಲಿಲ್ಲ.

ಹಾಗೆಂದು ತೆಲುಗಿನ ಪದವನ್ನೇ ಎತ್ತಿಕೊಳ್ಳಬೇಕೆಂದಲ್ಲ. ಅದರ ವ್ಯಾಪ್ತಿ ವ್ಯುತ್ಪತ್ತಿಯನ್ನು ಮೀರಿದೆ. 2ರ ಘನಮೂಲವು ಅಳತೆಗುರುತಿಲ್ಲದ ಪಟ್ಟಿ ಮತ್ತು ಕೈವಾರಗಳಿಗೆ ನಿಲುಕದೆಂದು ವಾಂಟ್ಸೆಲ್ 1837ರಲ್ಲಿ ತೋರಿಸಿದನು; 1882ರಲ್ಲಿ ಲಿಂಡೆಮನ್ನನ ಪ್ರಮೇಯದಿಂದ πಗೂ ಅದೇ ಗತಿಯಾಯಿತು. ಎರಡೂ ತೆಲುಗಿನಲ್ಲಿ ‘ಕರಣೀಯ’ವೇ! ನಮ್ಮ ‘ಅಭಾಗಲಬ್ಧ’ವು ಇವೆಲ್ಲವನ್ನೂ ಒಳಗೊಳ್ಳುವಷ್ಟು ವಿಶಾಲ, ಆದರೆ ಚಿತ್ರದ ಮುಂದೆ ಮೂಕ. ಆದುದರಿಂದ ರಚನೆಯ ಪಾಠದಲ್ಲಿ ದ್ವಿಕರಣಿ, ತ್ರಿಕರಣಿಗಳನ್ನೂ ತರ್ಕದ ಪಾಠದಲ್ಲಿ ಅಭಾಗಲಬ್ಧವನ್ನೂ ಬಳಸುವುದು ಯುಕ್ತ. ಗಡಿಭಾಗದ ದ್ವಿಭಾಷಾ ಪದಕೋಶಗಳು ‘ಅಕರಣೀಯ’ದ ಎದುರಿಗೆ ‘ಭಾಗಲಬ್ಧ’ವನ್ನು ದಪ್ಪಕ್ಷರದಲ್ಲಿಯೇ ಅಚ್ಚಿಸಲಿ.