ಕೆತ್ತನೆಯ ಆಚೆಗಿನ ಹೊಯ್ಸಳ ಶೈಲಿ

ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳಿಗೆ ಬಂದವರು ದೇವಸ್ಥಾನಗಳಿಗೆಂದು ಒಂದು ದಿನ ಎತ್ತಿಡುತ್ತಾರೆ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು. ಗೈಡುಗಳು ಮದನಿಕೆಯ ಕೈಬಳೆ ತೋರಿಸುತ್ತಾರೆ, ಹಣ್ಣಿನ ಮೇಲೆ ಕೂತ ನೊಣವನ್ನೂ ಅದಕ್ಕೆ ಹೊಂಚು ಹಾಕಿದ ಹಲ್ಲಿಯನ್ನೂ ತೋರಿಸುತ್ತಾರೆ. ಬಂದವರು ಬೆರಗಾಗಿ ಮರಳುತ್ತಾರೆ. ಆ ಬೆರಗಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊಯ್ಸಳ ಶೈಲಿ ಎಂದರೆ ಸೂಕ್ಷ್ಮ ಕೆತ್ತನೆ, ಕಲ್ಲಿನಲ್ಲಿ ಎಷ್ಟು ಕುಸುರಿ ಇದೆಯೋ ಅಷ್ಟು ಶ್ರೇಷ್ಠ ಎಂಬ ಒಂದೇ ಅಳತೆಗೋಲು ಆ ಬೆರಗಿನಿಂದ ಹುಟ್ಟಿ ನಮ್ಮ ಪಠ್ಯಪುಸ್ತಕಗಳವರೆಗೂ ಬಂದು ಕೂತಿದೆ. ಅದರ ಬಗ್ಗೆ ತಕರಾರಿದೆ.

ಈ ಅಳತೆಗೋಲಿಗೆ ಬಲ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ವಾಸ್ತುಕಲೆಯ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನ್ ಪಕ್ಕದಲ್ಲಿಟ್ಟು, ಎರಡೂ ವಾಸ್ತುಕಲೆಯ ಎರಡು ತುದಿಗಳು ಎಂದ. ಒಂದು ಸಂಯಮದ ತುದಿ, ಇನ್ನೊಂದು ಸಮೃದ್ಧಿಯ ತುದಿ. ಹೊಗಳಿಕೆಯೇನೋ ನಿಜವಾದದ್ದು. ಆದರೆ ಇಡೀ ಪರಂಪರೆ ಅಲ್ಲಿಂದ ಸಮೃದ್ಧಿಯ ಖಾತೆಗೇ ಜಮೆಯಾಯಿತು. ಇನ್ನೊಂದು ಕಾರಣವೂ ಇದೆ. ಬೇಲೂರಿನ ಗುಡಿಯ ಶಿಖರ ಈಗಿಲ್ಲ, ಹಳೇಬೀಡಿನಲ್ಲೂ ಶಿಖರಗಳಿಲ್ಲ. ಮೇಲಕ್ಕೆ ಏರಬೇಕಾದ ಕಣ್ಣಿಗೆ ಆಸರೆ ಸಿಗದೆ ಅದು ಗೋಡೆಗೇ ಅಂಟಿಕೊಳ್ಳುತ್ತದೆ. ಶಿಲ್ಪಿ ಕಟ್ಟಿದ ಪ್ರಮಾಣದಲ್ಲಿ ಅರ್ಧವನ್ನು ಕಳೆದುಕೊಂಡ ಎರಡು ಗುಡಿಗಳಿಂದ ನಾವು ಇಡೀ ಶೈಲಿಯನ್ನು ಅಳೆಯುತ್ತಿದ್ದೇವೆ. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಸಂತೋಷವಾಯಿತು. ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿ ಮತ್ತು ಅಮೃತಾಪುರ ಆ ಪಟ್ಟಿಯಲ್ಲಿಲ್ಲ ಎನ್ನುವುದು ಮಾತ್ರ ಅರಗಲಿಲ್ಲ. ಈ ಶಿಲ್ಪಿಗಳ ದೊಡ್ಡ ಸಾಧನೆ ಕಲ್ಲು ಕೊರೆದದ್ದಕ್ಕಿಂತ ಹೆಚ್ಚಾಗಿ ಜಾಗವನ್ನು ಕಟ್ಟಿದ್ದರಲ್ಲಿದೆ ಎಂದು ನಾನು ನಂಬಿದ್ದೇನೆ. ಅದಕ್ಕೆ ಸಾಕ್ಷಿ ಇರುವುದು ಈ ಎರಡು ಊರುಗಳಲ್ಲಿ.

ಮೊದಲು ಅಂಗಡಿಗೆ ಹೋಗಬೇಕು. ಮೂಡಿಗೆರೆ ತಾಲ್ಲೂಕಿನ ಈ ಹಳ್ಳಿಯೇ ಹಳೆಯ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಸುದತ್ತ ಮುನಿಯ ಮಾತಿಗೆ ಸಳ ಹುಲಿಯನ್ನು ಹೊಡೆದ ಎಂಬ ಕಥೆ ಇಲ್ಲಿನ ವಸಂತಿಕಾ ದೇವಿಯ ಸನ್ನಿಧಿಯದ್ದು. ವಸಂತಮ್ಮನ ಗುಡಿಯಲ್ಲಿ ಇಂದಿಗೂ ಪೂಜೆಗೊಳ್ಳುವುದು ಬಣ್ಣ ಬಳಿದ ಮಣ್ಣಿನ ಮೂರ್ತಿಗಳು. ಸ್ವಲ್ಪ ಆಚೆಗೆ ಜೈನ ಬಸದಿಗಳಿವೆ: ಸರಳ ಗೋಡೆ, ಒಳಗೆ ತೀರ್ಥಂಕರರು, ಯಕ್ಷ, ಯಕ್ಷಿ. ಬೇಲೂರಿನ ಜಾತ್ರೆಯಂಥ ಗೋಡೆ ನೋಡಿ ಬಂದವರಿಗೆ ಇದು ಬಡಕಲು ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಮಾತು ಕಡಿಮೆಯಿರುವ ಕಲ್ಲು ಇದು. ಹೊಯ್ಸಳರು ಆಡಂಬರವನ್ನು ತವರಿನಿಂದ ಹೊತ್ತು ತಂದವರಲ್ಲ ಎಂದು ಇಲ್ಲಿ ನಿಂತರೆ ತಿಳಿಯುತ್ತದೆ. ಆ ಸಂಪತ್ತು ಬಂದದ್ದು ಕಲ್ಯಾಣ ಚಾಲುಕ್ಯರ ನಾಡಿನ ಶಿಲ್ಪಿಗಳ ಜೊತೆ. ಬೇಲೂರಿನಲ್ಲಿ ಕೆಲಸ ಮಾಡಿದ ದಾಸೋಜ, ಅವನ ಮಗ ಚಾವಣ ಬಳ್ಳಿಗಾವೆಯವರು.

ಕಲ್ಲಿನ ಮಾತೂ ಇದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ. ಅದು ಕೈಗೆ ಸಿಕ್ಕಮೇಲೆ ಉಳಿಯನ್ನು ನಿಲ್ಲಿಸುವುದೇ ಕಷ್ಟ. ಈ ಶೈಲಿ ಅರಳಿದ್ದು ಮಲೆನಾಡು ಮುಗಿದು ಮೈದಾನ ತೆರೆದುಕೊಳ್ಳುವ ಅಂಚಿನಲ್ಲಿ. ಘಟ್ಟದ ಮಳೆಯೊಳಕ್ಕೆ ಹೋದಂತೆ ಅದು ತೆಳುವಾಗುತ್ತದೆ. ಕಳಸದ ಕಡೆಗೆ ಸರಿದರೆ ಕಾರ್ಕಳದ ಭೈರರಸರ ಸೀಮೆ. ಅಲ್ಲಿಂದ ಘಟ್ಟ ಇಳಿದರೆ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ, ಇಳಿಜಾರು ಮಾಡು ಹೊತ್ತು ನಿಂತದ್ದು. ಅದು ಮಳೆಗೆ ಕೊಟ್ಟ ಬೇರೆಯದೇ ಉತ್ತರ.

ಈಗ ಬೆಳವಾಡಿ. ಚಿಕ್ಕಮಗಳೂರಿನಿಂದ ಜಾವಗಲ್ಲಿಗೆ ಹೋಗುವ ದಾರಿಯಲ್ಲಿ, ಸುಮಾರು 30 ಕಿಲೋಮೀಟರಿನಲ್ಲಿ, ವೀರನಾರಾಯಣನ ಗುಡಿ. ಎರಡನೆಯ ವೀರಬಲ್ಲಾಳನ ಕಾಲದ್ದು, ಕ್ರಿ.ಶ. 1200ರ ಹೊತ್ತಿನದು. ಮೊದಲಿಗೆ ಇದ್ದದ್ದು ಪೂರ್ವಕ್ಕೆ ಮುಖ ಮಾಡಿದ ಒಂದೇ ಗರ್ಭಗುಡಿ, ಮುಂದೆ ಒಂಬತ್ತು ಅಂಕಣದ ನವರಂಗ, ಅದರ ಮುಂದೆ ಹದಿಮೂರು ಅಂಕಣದ ತೆರೆದ ಮಂಟಪ. ಅಷ್ಟಕ್ಕೇ ಅದು ಪೂರ್ತಿಯಾದ ಗುಡಿ. ಆಮೇಲೆ ಇನ್ನೆರಡು ದೇವರಿಗೆ, ವೇಣುಗೋಪಾಲ ಮತ್ತು ಯೋಗನರಸಿಂಹರಿಗೆ, ಜಾಗ ಮಾಡಬೇಕಾಯಿತು. ಸಾಮಾನ್ಯ ತ್ರಿಕೂಟದಲ್ಲಿ ಮೂರು ಗರ್ಭಗುಡಿಗಳು ಒಂದೇ ನವರಂಗದ ಮೂರು ಬದಿಗೆ ಒತ್ತಿಕೊಂಡಿರುತ್ತವೆ. ಇಲ್ಲಿನ ಸ್ಥಪತಿ ಹಳೆಯ ಗುಡಿಯ ಮೈ ಮುಟ್ಟಲಿಲ್ಲ. ಅದರ ಮುಂದೆ ಮೂವತ್ತೇಳು ಅಂಕಣಗಳ ವಿಶಾಲವಾದ ತೆರೆದ ಮಂಟಪ ಹಾಸಿ, ಅದರ ಉತ್ತರ ದಕ್ಷಿಣದ ತುದಿಗಳಲ್ಲಿ ಹೊಸ ಗರ್ಭಗುಡಿಗಳನ್ನು ಎದುರುಬದುರಾಗಿ ಇಟ್ಟ. ಒಂದಕ್ಕೆ ನಕ್ಷತ್ರಾಕಾರದ ತಳ, ಇನ್ನೊಂದಕ್ಕೆ ಚೌಕ ತಳ. ಅವಳಿಗಳಂತೆ ಕಾಣಬೇಕಾದವು ಒಂದನ್ನೊಂದು ನಕಲು ಮಾಡುವುದಿಲ್ಲ.

ಹೊರಗಿನ ಮೆಟ್ಟಿಲಿನ ಎರಡು ಕಲ್ಲಾನೆಗಳನ್ನು ದಾಟಿ ಒಳಗೆ ಬಂದವರು ನೇರ ವೀರನಾರಾಯಣನತ್ತ ನಡೆದುಬಿಡಬಾರದು. ಮೊದಲ ಮಂಟಪದ ನಡುವೆ ನಿಲ್ಲಬೇಕು. ಸುತ್ತ ಕಡೆದ ಕಂಬಗಳು, ಮೈ ಬಿಂಬ ಮೂಡುವಷ್ಟು ನಯ. ಕಕ್ಷಾಸನದ ಮೇಲಿನ ಬೆಳಕು ಹೊರಸಾಲಿನ ಕಂಬಗಳಿಗೆ ತಗುಲಿ, ಅಲ್ಲಿಂದ ಒಳಸಾಲಿಗೆ ಹಾಯುತ್ತದೆ. ಎದುರಿಗೆ ಹಳೆಯ ಮಂಟಪದಲ್ಲಿ ಅರ್ಧ ನೆರಳು, ನವರಂಗದಲ್ಲಿ ಮಬ್ಬು, ಗರ್ಭಗುಡಿಯಲ್ಲಿ ದೀಪದ ಬೆಳಕಷ್ಟೇ. ನಡೆಯುತ್ತ ಹೋದಂತೆ ಮಾಡು ಹತ್ತಿರವಾದಂತೆ, ಜಾಗ ಕಿರಿದಾದಂತೆ, ದನಿ ತಾನಾಗಿ ತಗ್ಗುತ್ತದೆ. ಯಾವ ಮೂರ್ತಿಶಿಲ್ಪದ ಸಹಾಯವೂ ಇಲ್ಲದೆ, ಬರೀ ಕಂಬ ಮತ್ತು ಅಂತರಗಳಿಂದ ಆಗುವ ಕೆಲಸ ಇದು. ಮಾರ್ಚ್ 23ರಂದು ಸೂರ್ಯನ ಕಿರಣ ಸಾಲು ಬಾಗಿಲು ಹಾದು ವೀರನಾರಾಯಣನನ್ನು ಮುಟ್ಟುತ್ತದೆ ಎಂದು ಊರವರು ಹೇಳುತ್ತಾರೆ. ಉಳಿದ ದಿನಗಳ ಬೆಳಕೂ ಅಷ್ಟೇ ಎಚ್ಚರದಿಂದ ಯೋಜಿಸಿದ್ದು. ಹಳೆಯ ಗುಡಿಯ ಹೊರಗೋಡೆಯಲ್ಲಿ ಮೂರ್ತಿಗಳ ದಟ್ಟಣೆ ಇಲ್ಲ. ಅದೊಂದು ಕೊರತೆ ಎಂದು ಕೆಲವರು ಬರೆದುಕೊಳ್ಳುತ್ತಾರೆ. ಮೂರು ಶಿಖರಗಳೂ ಉಳಿದಿರುವ ಇಲ್ಲಿ ಗೋಡೆ ತನ್ನ ಪಾಲಿನಷ್ಟೇ ಮಾತಾಡಿ ಸುಮ್ಮನಾಗುವುದು ನನಗೆ ಸರಿಯಾಗಿ ಕಾಣುತ್ತದೆ.

ಫ್ಲಾರೆನ್ಸಿಗೆ ಕಲೆ ನೋಡಲು ಹೋದವರು ದೊಡ್ಡ ಕೆಥೆಡ್ರಲ್ ಒಂದನ್ನೇ ನೋಡಿ ಹಿಂದಿರುಗುವುದಿಲ್ಲ. ಚರ್ಚಿನಿಂದ ಚರ್ಚಿಗೆ ನಡೆಯುತ್ತಾರೆ. ಸಾಂತಾ ಮಾರಿಯಾ ದೆಲ್ ಕಾರ್ಮಿನೆಯ ಮುಖಗೋಡೆ ಇಂದಿಗೂ ಮುಗಿಯದ ಒರಟು ಕಲ್ಲು. ಒಳಗಿನ ಬ್ರಾಂಕಾಚ್ಚಿ ಚಾಪೆಲ್‌ನಲ್ಲಿ 1420ರ ದಶಕದಲ್ಲಿ ಮಸಾಚ್ಚೊ ಬರೆದ ಭಿತ್ತಿಚಿತ್ರಗಳ ಮುಂದೆ ನಿಂತು ಎಳೆಯ ಮೈಕೆಲ್ಯಾಂಜೆಲೊ ಕಲಿತ. ಅಂಥ ಒಂದು ಜಾಗ ನಮ್ಮ ಜಿಲ್ಲೆಯಲ್ಲಿದೆ: ತರೀಕೆರೆ ಬಳಿಯ ಅಮೃತಾಪುರ.

ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನದ ಪದ್ಯಗಳು ಕವಿ ಜನ್ನನವು. ಇಪ್ಪತ್ತೊಂಬತ್ತು ಅಂಕಣಗಳ ತೆರೆದ ಮಂಟಪದ ಹೊರಮೈಯಲ್ಲಿ 140 ಕಥಾಫಲಕಗಳು. ದಕ್ಷಿಣಕ್ಕೆ ರಾಮಾಯಣದ 70, ಉತ್ತರಕ್ಕೆ ಕೃಷ್ಣಕಥೆಯ 25 ಮತ್ತು ಮಹಾಭಾರತದ 45. ದಕ್ಷಿಣದ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ, ಪ್ರದಕ್ಷಿಣೆ ಹಾಕುವವನಿಗೆ ಕಥೆ ತುದಿಯಿಂದ ಮೊದಲಿಗೆ ಬರುತ್ತದೆ. ಫಲಕಗಳು ಸಾಕಷ್ಟು ದೊಡ್ಡವು, ಒಂದೊಂದರಲ್ಲೂ ಆಕೃತಿಗಳು ಕೆಲವೇ. ಹಾಗಾಗಿಯೇ ಓದಲು ಸಿಗುತ್ತವೆ. ಹಳೇಬೀಡಿನ ಪಟ್ಟಿಕೆಗಳಲ್ಲಿ ಆನೆ, ಕುದುರೆಗಳ ಸಾಲು ಎಷ್ಟು ಉದ್ದವೆಂದರೆ ಕಣ್ಣು ಎಣಿಸುವುದನ್ನು ಬಿಟ್ಟು ಜಾರಿಬಿಡುತ್ತದೆ.

ಶೈಲಿಯ ದೋಷವನ್ನೂ ಇಲ್ಲೇ ಹೇಳಬೇಕು. ಹೊಯ್ಸಳ ಮೂರ್ತಿಗಳಲ್ಲಿ ಬಹುಪಾಲು ಒಡವೆಯ ಭಾರಕ್ಕೆ ಸೋತಿವೆ. ಕಿರೀಟ, ಹಾರ, ತೋಳಬಂದಿ, ಮೇಲೊಂದು ಎಲೆಬಳ್ಳಿಯ ತೋರಣ. ಇಷ್ಟರ ನಡುವೆ ದೇಹದ ತಿರುವು, ಮುಖದ ಭಾವ ಹುಡುಕಬೇಕು. ಬಾದಾಮಿಯ ಗುಹೆಯ ವಿಷ್ಣುವಿಗಿರುವ ದೇಹದ ಗಟ್ಟಿತನ ಇವುಗಳಿಗೆ ಅಪರೂಪ. ಬೆಳವಾಡಿಯ ವೇಣುಗೋಪಾಲ ಆ ಅಪರೂಪಗಳಲ್ಲಿ ಒಬ್ಬ: ಒಡವೆ ಅವನಿಗೂ ಇದೆ, ಆದರೂ ನಿಂತ ನಿಲುವೇ ಮೊದಲು ಕಾಣುತ್ತದೆ. ಕೈಚಳಕ ಹೆಚ್ಚಿದಷ್ಟೂ ಏನನ್ನು ಬಿಡಬೇಕು ಎಂಬ ವಿವೇಕ ಶಿಲ್ಪಿಗಳಲ್ಲಿ ಕಡಿಮೆಯಾಗುತ್ತ ಬಂತು.

ಈ ಬದಲಾವಣೆಯನ್ನು ಒಬ್ಬನೇ ಶಿಲ್ಪಿಯ ಬದುಕಿನಲ್ಲಿ ನೋಡಬಹುದು. ರೂವಾರಿ ಮಲ್ಲಿತಮ್ಮ ಕೆಲಸ ಶುರುಮಾಡಿದ್ದು ಅಮೃತಾಪುರದ ಮಂಟಪದ ಭುವನೇಶ್ವರಿಗಳಲ್ಲಿ, ಅಂದರೆ ಕೆತ್ತಿದ ಛಾವಣಿಗಳಲ್ಲಿ. ಆರು ದಶಕ ಕಳೆದು 1258ರ ಸೋಮನಾಥಪುರದಲ್ಲಿ ಹಲವು ಮೂರ್ತಿಗಳ ಕೆಳಗೆ ಅವನ ಹೆಸರಿದೆ. ಅಲ್ಲಿನ ಛಾವಣಿಗಳು ಅದ್ಭುತ, ಸಂದೇಹವಿಲ್ಲ. ಆದರೆ ಮೂರು ಗರ್ಭಗುಡಿಗಳು ಮತ್ತೆ ಒಂದೇ ಮಂಟಪಕ್ಕೆ ಒತ್ತಿಕೊಂಡಿವೆ, ಮಂಟಪಕ್ಕೆ ಜಾಲಂಧ್ರಗಳು ಬಂದಿವೆ, ಗೋಡೆಯ ಮೇಲೆ ಬೆರಳಗಲ ಖಾಲಿ ಉಳಿದಿಲ್ಲ. ಬೆಳವಾಡಿಯಲ್ಲಿ ತೆರೆದುಕೊಂಡ ದಾರಿಯನ್ನು ಈ ಪರಂಪರೆ ಮುಂದುವರಿಸಲಿಲ್ಲ. ಮಲ್ಲಿತಮ್ಮನ ಕೈ ಪಳಗಿದ್ದನ್ನು ಸೋಮನಾಥಪುರದಲ್ಲಿ ಸಾವಿರಾರು ಜನ ನೋಡುತ್ತಾರೆ. ಅಮೃತಾಪುರದಲ್ಲಿ ಅವನು ಅಂಕಣದಿಂದ ಅಂಕಣಕ್ಕೆ ಹೊಸತನ್ನು ಹುಡುಕುತ್ತಿದ್ದುದನ್ನು ನೋಡಲು ಕತ್ತೆತ್ತಿ ನಿಲ್ಲುವವರು ಕೆಲವೇ ಮಂದಿ.