ಹ್ಯಾಮೆಲಿನ್, ಬೊಮ್ಮನಹಳ್ಳಿ ಮತ್ತು ಗಡಿಯ ಯು.ಪಿ. ತರಗತಿ

ವಿಕ್ಟೋರಿಯನ್ ಕಾಲದ ಕಾವ್ಯವನ್ನು ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಹೇಗೆ ಪರಿಚಯಿಸಬಹುದು ಎಂಬ ಪ್ರಶ್ನೆಗೆ ನಾನು ಒಂದೇ ಕವಿತೆ ಹಿಡಿದು ಮಾತಾಡ್ತೇನೆ: ರಾಬರ್ಟ್ ಬ್ರೌನಿಂಗನ ‘ದಿ ಪೈಡ್ ಪೈಪರ್ ಆಫ್ ಹ್ಯಾಮೆಲಿನ್’. ನನ್ನ ಮನಸ್ಸಿನಲ್ಲಿರುವುದು ಕಾಸರಗೋಡಿನ ಕನ್ನಡ ಮಾಧ್ಯಮದ ಯು.ಪಿ. ತರಗತಿ.

ಈ ಕವಿತೆಯನ್ನು ಸಾಮಾನ್ಯವಾಗಿ ‘ಕೊಟ್ಟ ಮಾತು ತಪ್ಪಬಾರದು’ ಎಂಬ ನೀತಿಗೆ ಇಳಿಸಿಬಿಡ್ತೇವೆ. ಕೊನೆಯ ಸಾಲುಗಳಲ್ಲಿ ಆ ನೀತಿ ಉಂಟು, ನಿಜ. ಆದರೆ ಕವಿತೆ ಹುಟ್ಟಿದ್ದು ನೀತಿಪಾಠಕ್ಕಲ್ಲ. ನಟ ಮೆಕ್ರೆಡಿಯ ಮಗ ವಿಲ್ಲಿ ಕಾಯಿಲೆ ಬಿದ್ದಿದ್ದ. ಚಿತ್ರ ಬರೆಯುವುದು ಅವನಿಗೆ ಇಷ್ಟ. ಮಲಗಿದಲ್ಲೇ ಚಿತ್ರ ಬರೆಯಲಿ ಎಂದು ಬ್ರೌನಿಂಗ್ ಈ ಕತೆಯನ್ನು ಪದ್ಯವಾಗಿಸಿದ. 1842ರ ‘ಡ್ರಮ್ಯಾಟಿಕ್ ಲಿರಿಕ್ಸ್’ನಲ್ಲಿ ಅದು ಅಚ್ಚಾಯಿತು. ಅಂದರೆ ಅದರ ಮೊದಲ ಓದುಗ ಪ್ರಶ್ನೋತ್ತರ ಬರೆಯಲಿಲ್ಲ, ಚಿತ್ರ ಬರೆದ. ನಮ್ಮ ತರಗತಿಯೂ ಅಲ್ಲಿಂದಲೇ ಯಾಕೆ ಆರಂಭಿಸಬಾರದು?

ಮುನ್ನೂರು ಸಾಲು ದಾಟುವ ಇಂಗ್ಲಿಷ್ ಪದ್ಯ ಈ ಮಕ್ಕಳಿಗೆ ಭಾರವಲ್ಲವೇ ಎಂದು ಕೇಳಬಹುದು. ಕನ್ನಡದ ಮಗುವಿಗೆ ಇಲ್ಲೊಂದು ಬಾಗಿಲು ಮೊದಲೇ ತೆರೆದಿದೆ: ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ವೇಸರ್ ನದಿಯ ಜಾಗದಲ್ಲಿ ತುಂಗೆ, ಕೊಳಲಿನ ಜಾಗದಲ್ಲಿ ಕಿಂದರಿ, ಮೇಯರನ ಜಾಗದಲ್ಲಿ ಗೌಡ. ಬಗೆಬಗೆಯ ಇಲಿಗಳ ಮೆರವಣಿಗೆ ಎರಡರಲ್ಲೂ ಉಂಟು. ಆ ಭಾಗವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದರೆ ಅರ್ಥಕ್ಕಿಂತ ಮುಂಚೆ ಓಟ ಕಿವಿಗೆ ಬೀಳ್ತದೆ. ಪದಾರ್ಥ ಆಮೇಲೆ ಹೇಳಿದರಾಯಿತು.

ಆದರೆ ಕಿಂದರಿಜೋಗಿ ಇದ್ದಾನೆಂದು ಬ್ರೌನಿಂಗನನ್ನು ಬಿಡಬಾರದು ಎಂಬುದು ನನ್ನ ವಾದ. ಬ್ರೌನಿಂಗನಲ್ಲಿ ಮಾತು ತಪ್ಪುವುದು ಒಂದು ನಗರಸಭೆ. ಜನ ಅಲ್ಲಿಗೆ ನುಗ್ಗಿ, ‘ನಮ್ಮ ದುಡ್ಡಲ್ಲಿ ನಿಮಗೆ ನಿಲುವಂಗಿಯೇ?’ ಎಂಬ ಧಾಟಿಯಲ್ಲಿ ಗದರಿಸುತ್ತಾರೆ. ಸಾವಿರ ಗಿಲ್ಡರ್ ಕೇಳಿದವನಿಗೆ ಐವತ್ತು ಸಾವಿರವಾದರೂ ಕೊಡುತ್ತೇವೆಂದವರು ಕೆಲಸ ಮುಗಿದ ಮೇಲೆ ಐವತ್ತಕ್ಕೆ ಇಳಿಯುತ್ತಾರೆ. ಸಾರ್ವಜನಿಕ ಹಣ, ಅಧಿಕಾರ, ಔತಣ—ಈ ವ್ಯಂಗ್ಯ ಹನ್ನೊಂದು ವರ್ಷದ ಮಗುವಿಗೆ ಚೆನ್ನಾಗಿಯೇ ತಿಳಿಯುತ್ತದೆ. ಕತೆ ಹಳ್ಳಿಗೆ ಬಂದಾಗ ಏನು ಸೇರಿತು, ಏನು ಬಿಟ್ಟುಹೋಯಿತು ಎಂದು ಮಕ್ಕಳೇ ಹುಡುಕಲಿ. ತೌಲನಿಕ ವಿಮರ್ಶೆಯ ಮೊದಲ ಪಾಠ ಅದೇ.

ಇನ್ನೊಂದು ಮಾತು. ಬ್ರೌನಿಂಗನಲ್ಲಿ ಕಾಲು ಕುಂಟುವ ಒಬ್ಬ ಹುಡುಗ ಹಿಂದೆ ಬೀಳುತ್ತಾನೆ. ಬೆಟ್ಟದ ಬಾಗಿಲು ಮುಚ್ಚಿಕೊಳ್ಳುತ್ತದೆ. ಪಾರಾದೆನೆಂಬ ಸಂತೋಷ ಅವನಿಗಿಲ್ಲ. ಜೊತೆಗಾರರಿಲ್ಲದ ಊರು ಬೇಸರ ಎನ್ನುತ್ತಾನೆ. ನೀತಿ ಹೇಳುವ ಅವಸರದಲ್ಲಿ ನಾವು ಕಳೆದುಕೊಳ್ಳುವುದು ಈ ಹುಡುಗನನ್ನೇ. ಮನೆಯಲ್ಲಿ ತುಳುವೋ ಮಲಯಾಳವೋ ಕೊಂಕಣಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಓರಗೆಯವರು ಬೇರೆ ಮಾಧ್ಯಮಕ್ಕೆ ಹೋದಾಗ ಉಳಿದುಕೊಂಡ ಮಗುವಿಗೆ ಆ ಬೇಸರವನ್ನು ವಿವರಿಸಿ ಹೇಳಬೇಕಾಗಿಲ್ಲ. ಅವನ ಸರದಿ ಬಂದಾಗ ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು.

ತುಂಗೆಯೂ ನಮ್ಮ ಮಕ್ಕಳು ದಿನಾ ನೋಡುವ ಹೊಳೆಯಲ್ಲ. ಹಾಗಾಗಿ ಕೊನೆಗೆ ಒಂದು ಹಾಳೆ ಕೊಟ್ಟು, ಚಂದ್ರಗಿರಿ ಹೊಳೆಯ ದಡದಲ್ಲಿ ಈ ಕತೆ ನಡೆದರೆ ವಾದ್ಯ ಯಾವುದು, ಮಾತು ತಪ್ಪುವವರು ಯಾರು ಎಂದು ಕೇಳೋಣ. ಅದಕ್ಕೆ ಅಂಕ ಕೊಡಬೇಕೇ ಬೇಡವೇ ಎಂಬುದನ್ನು ಚರ್ಚೆಗೆ ಬಿಡ್ತೇನೆ. ಬೇಡ ಎಂಬುದು ನನ್ನ ಅಭಿಪ್ರಾಯ.