ಪೇಟೆಗೆ ಹೋಗುವವರು ಚೀಟಿ ಮರೆಯಬೇಡಿ

ಬೆಂಗಳೂರಿನ ಹಳೇ ಪೇಟೆಯನ್ನು ‘ನೋಡಲು’ ಹೋಗುವವರು ಈಚೆಗೆ ಹೆಚ್ಚಾಗಿದ್ದಾರೆ. ಭಾನುವಾರ ಬೆಳಿಗ್ಗೆ ಕೊರಳಲ್ಲಿ ಕ್ಯಾಮೆರಾ, ಕಾಲಲ್ಲಿ ಓಟದ ಬೂಟು, ಮುಂದೆ ಕಥೆ ಹೇಳುವವರೊಬ್ಬರು. ಗುಂಪು ಅವೆನ್ಯೂ ರಸ್ತೆಯಲ್ಲಿ ಕತ್ತೆತ್ತಿಕೊಂಡು ಸಾಗುತ್ತದೆ. ತಪ್ಪೇನಿಲ್ಲ. ರಸ್ತೆ ಖಾಲಿ ಇರುತ್ತದೆ, ಹಳೇ ಮನೆಗಳ ಮರದ ಕಟಾಂಜನ, ಕಂಬದ ಮೇಲಿನ ಗಾರೆಯ ಬಳ್ಳಿ ಎಲ್ಲ ನೆಮ್ಮದಿಯಾಗಿ ಕಾಣುತ್ತವೆ. ಆದರೆ ಶಟರ್ ಎಳೆದ ಪೇಟೆಯನ್ನು ಪೇಟೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ವಾರದ ದಿನ ಹೋಗಿ, ಹನ್ನೊಂದು ಗಂಟೆ ದಾಟಿದ ಮೇಲೆ ಹೋಗಿ. ಮುಖ್ಯವಾಗಿ, ಏನನ್ನಾದರೂ ಕೊಳ್ಳಲು ಹೋಗಿ.

ದೊಡ್ಡದೇನೂ ಬೇಡ. ನಿಮ್ಮ ಬಡಾವಣೆಯಲ್ಲಿ ಸಿಗದ ಎರಡು ಮೂರು ಪುಡಿ ಸಾಮಾನುಗಳ ಹೆಸರು ಬರೆದ ಚೀಟಿ ಸಾಕು: ಹಿತ್ತಾಳೆ ದೀಪದ ಕಂಬಕ್ಕೊಂದು ತಿರುಪು, ಅಜ್ಜನ ಟ್ರಂಕಿಗೆ ಚಿಲಕ, ಉದ್ದ ಅಳತೆಯ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ. ಚೀಟಿ ಇಲ್ಲದವನು ಪೇಟೆಯಲ್ಲಿ ಜನರಿಗೆ ಅಡ್ಡ ಬರುವವನು, ಅಷ್ಟೆ. ಚೀಟಿ ಇದ್ದವನನ್ನು ಪೇಟೆಯೇ ಕೈಹಿಡಿದು ನಡೆಸುತ್ತದೆ. “ನಮ್ಮಲ್ಲಿ ಬರಲ್ಲ ಸಾರ್. ಮುಂದೆ ಹೋಗಿ ಲೆಫ್ಟು, ಟ್ರಾನ್ಸ್‌ಫಾರ್ಮರ್ ಹಿಂದೆ ಒಂದು ಸಂದಿ ಇದೆ, ಅಲ್ಲಿ ಮೂರನೇ ಅಂಗಡಿ.” ಹೀಗೆ ಒಂದಂಗಡಿಯವರು ಇನ್ನೊಂದಂಗಡಿಗೆ, ಅವರು ಮತ್ತೊಂದು ಗಲ್ಲಿಗೆ ದಾಟಿಸುತ್ತಾ ಹೋಗುತ್ತಾರೆ. ಸಾಮಾನು ಸಿಗುವ ಹೊತ್ತಿಗೆ ಯಾವ ನಕ್ಷೆಯೂ ತೋರಿಸದ ಅರ್ಧ ಮೈಲಿ ನಿಮ್ಮದಾಗಿರುತ್ತದೆ. ಡೋರ್ ನಂಬರ್ ಹೇಳಿದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗುಡಿ, ಟ್ರಾನ್ಸ್‌ಫಾರ್ಮರ್, ಯಾವತ್ತೋ ಕಡಿದುಹಾಕಿದ ಅರಳೀಮರ, ಇವೇ ಗುರುತು.

ಮೆಟ್ರೊ ಹಸಿರು ಮಾರ್ಗ 2017ರಲ್ಲಿ ಇಲ್ಲಿಗೆ ಬಂದ ಮೇಲೆ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ನೆಟ್ಟಗೆ ಸೀರೆ ಅಂಗಡಿಗೆ ಹೊಗುವವರೇ ಹೆಚ್ಚು. ನಾನು ಒಂದು ನಿಲ್ದಾಣ ಆಚೆ, ಕೆ.ಆರ್. ಮಾರ್ಕೆಟ್ಟಿನಿಂದ ಶುರುಮಾಡಿ ಉತ್ತರಕ್ಕೆ ನಡೆಯುವ ಪೈಕಿ. ಹಿಂದೆ ಸಿದ್ಧಿಕಟ್ಟೆ ಎನ್ನುತ್ತಿದ್ದ ಜಾಗ ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಮಾರುಕಟ್ಟೆ 1928ರದು. ಒಳಗಿನ ಹೂವಿನ ವ್ಯಾಪಾರ ನೋಡಬೇಕಾದರೆ ಮಾತ್ರ ಹನ್ನೊಂದು ಗಂಟೆಯ ನನ್ನ ನಿಯಮ ನಡೆಯುವುದಿಲ್ಲ. ಬೆಳಕು ಹರಿಯುವ ಮುಂಚೆ ಬರಬೇಕು. ಆಗ ಸೇವಂತಿಗೆ, ಸುಗಂಧರಾಜ, ಕನಕಾಂಬರ ಮೂಟೆಮೂಟೆಯಾಗಿ ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ಬಿಸಿಲೇರಿದ ಮೇಲೆ ಹೊರಗಿನ ಮೆಟ್ಟಿಲ ಬಳಿ ಅದೇ ಹೂವು ಮಾಲೆಯಾಗಿ ಮೊಳದ ಲೆಕ್ಕಕ್ಕೆ ಬರುತ್ತದೆ. ಮಾರುವವರ ಮೊಳ ಕೊಳ್ಳುವವರ ಮೊಳಕ್ಕಿಂತ ಯಾವತ್ತೂ ಗಿಡ್ಡ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಇನ್ನೂ ಗಿಡ್ಡ.

ಮಾರ್ಕೆಟ್ಟಿನ ಪಕ್ಕದಲ್ಲೇ ಕೋಟೆಯ ಅಳಿದುಳಿದ ತುಂಡು, ದಿಲ್ಲಿ ಬಾಗಿಲು. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಇಲ್ಲಿ ಗೋಡೆ ಒಡೆದು ನುಗ್ಗಿತೆಂದು ಹೇಳುವ ಕಲ್ಲುಫಲಕ ಅಲ್ಲಿದೆ. ಬಂದವರೆಲ್ಲ ಅದರ ಫೋಟೊ ತೆಗೆಯುತ್ತಾರೆ. ಆದರೆ ಅದಕ್ಕೂ ಎರಡು ವಾರ ಮೊದಲು, ಮಾರ್ಚ್ 7ರಂದು, ಆ ಸೈನ್ಯ ಪೇಟೆಯನ್ನು ಹಿಡಿದಿತ್ತು. ಆಗ ಪೇಟೆಗೆ ತನ್ನದೇ ಮಣ್ಣಿನ ಗೋಡೆ, ಕಂದಕ, ಸುತ್ತ ದಟ್ಟ ಮುಳ್ಳಿನ ಬೇಲಿ ಇದ್ದವು. ಹಲಸೂರು ಬಾಗಿಲ ಬಳಿ ನಡೆದ ಕಾಳಗದಲ್ಲಿ ಮೂರ್‌ಹೌಸ್ ಎಂಬ ಫಿರಂಗಿದಳದ ಅಧಿಕಾರಿ ಸತ್ತ. ಅವನ ಸಾವನ್ನು ರಾಬರ್ಟ್ ಹೋಮ್ ಚಿತ್ರವಾಗಿ ಬರೆದಿದ್ದಾನೆ. ಆ ಬಾಗಿಲು ಈಗ ಇಲ್ಲ, ಹಲಸೂರು ಗೇಟ್ ಪೊಲೀಸ್ ಠಾಣೆ ಇದೆ. ಊರು ಹೆಸರನ್ನು ಉಳಿಸಿಕೊಳ್ಳುವ ರೀತಿ ಇದು: ಕಲ್ಲನ್ನು ಬಿಟ್ಟುಕೊಡುತ್ತದೆ, ವಿಳಾಸವನ್ನು ಬಿಡುವುದಿಲ್ಲ.

ಅವೆನ್ಯೂ ರಸ್ತೆ ಹಿಂದಿನ ದೊಡ್ಡಪೇಟೆ. ಅದು ಚಿಕ್ಕಪೇಟೆಯನ್ನು ಕೂಡುವ ಚೌಕದಿಂದ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತು ಹೂಡಿಸಿ ಊರಿನ ಬೀದಿಗಳನ್ನು ಗುರುತಿಸಿದರು ಎಂಬುದು ಹಿರಿಯರಿಂದ ಬಂದ ಕಥೆ. ಅಲ್ಲಿ ನಿಂತು ನಾಲ್ಕೂ ದಿಕ್ಕು ನೋಡೋಣ ಎಂದರೆ ಹಮಾಲರು ಬಿಡಬೇಕಲ್ಲ! “ಸೈಡ್, ಸೈಡ್” ಎನ್ನುತ್ತಾ ತಲೆಯ ಮೇಲೆ ಬಟ್ಟೆಯ ಬೇಲು ಹೊತ್ತು ಬರುತ್ತಾರೆ. ಅವರಿಗೆ ದಾರಿ ಬಿಡುವುದು ಇಲ್ಲಿನ ಮೊದಲ ಕಾನೂನು, ಸ್ಕೂಟರಿನವರೂ ಅದನ್ನು ಪಾಲಿಸುತ್ತಾರೆ. ದಾರಿಯಲ್ಲಿ ಸಿಗುವ ರೈಸ್ ಸ್ಮಾರಕ ಚರ್ಚನ್ನು ಹೆಚ್ಚಿನವರು ಗಮನಿಸದೆ ದಾಟುತ್ತಾರೆ. ಅಕ್ಕಿಗೂ ಆ ಹೆಸರಿಗೂ ಸಂಬಂಧವಿಲ್ಲ. ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ ಅವರ ಸ್ಮರಣೆ ಅದು. ಅವರ ಮಗ ಬಿ.ಎಲ್. ರೈಸ್ ನಮ್ಮ ಸಾವಿರಾರು ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಾಗಿ ಅಚ್ಚು ಹಾಕಿಸಿದವರು.

ಒಂದು ಬೀದಿಗೆ ಒಂದೇ ಸಾಮಾನು ಎಂಬುದು ಪೇಟೆಯ ಹಳೇ ಏರ್ಪಾಡು. ಹೊಸಬರಿಗೆ ಇದು ವಿಚಿತ್ರ. ಸಾಲಾಗಿ ಇಪ್ಪತ್ತು ಅಂಗಡಿಗಳಲ್ಲಿ ಅದೇ ಲಗ್ನಪತ್ರಿಕೆ ಮಾರಿದರೆ ಒಬ್ಬರಿಗಾದರೂ ಗಿಟ್ಟುವುದು ಹೇಗೆ? ಗಿಟ್ಟುತ್ತದೆ, ಅಕ್ಕಪಕ್ಕ ಇರುವುದರಿಂದಲೇ ಗಿಟ್ಟುತ್ತದೆ. ಲಗ್ನಪತ್ರಿಕೆ ಅಂದರೆ ಸುಲ್ತಾನ್‌ಪೇಟೆ ಎಂದು ತುಮಕೂರಿನವರಿಗೂ ಗೊತ್ತು, ಗಿರಾಕಿ ಹುಡುಕಿಕೊಂಡು ಬರುತ್ತಾರೆ. ಒಬ್ಬರಲ್ಲಿ ಮುಗಿದ ಮಾಲನ್ನು ಪಕ್ಕದವರಿಂದ ಕೈಬದಲು ತರುತ್ತಾರೆ, ಸಂಜೆ ಲೆಕ್ಕ ಚುಕ್ತಾ. ಒಂದೇ ಲಾರಿ, ಒಂದೇ ಹಮಾಲಿ. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದ ಅಂಗಡಿಯ ರೇಟು ಗಿರಾಕಿಯ ಕಿವಿಯಲ್ಲಿರುವಾಗ ಯಾರೂ ಮನಸ್ಸಿಗೆ ಬಂದ ಬೆಲೆ ಹೇಳಲಾಗದು. “ಬೋಣಿ ಟೈಮು, ಅಸಲೇ ಬರಲ್ಲ ಸಾರ್” ಎಂಬುದು ಬೇರೆ ವಿಷಯ. ಅದು ಮಾತಿನ ಅಲಂಕಾರ.

ಹೆಸರೂ ಸಾಮಾನೂ ಈಗ ಎಲ್ಲ ಕಡೆ ಕೂಡಿಬರುವುದಿಲ್ಲ. ತರಗುಪೇಟೆಯಲ್ಲಿ ಬೇಳೆಕಾಳಿನ ಧೂಳು ಇನ್ನೂ ಮೂಗಿಗೆ ಹತ್ತುತ್ತದೆ. ಕುಂಬಾರಪೇಟೆಯಲ್ಲಿ ಮಡಕೆ, ಗಾಣಿಗರಪೇಟೆಯಲ್ಲಿ ಗಾಣ ಹುಡುಕಿದರೆ ಸಿಗುವುದಿಲ್ಲ. ಬಳೇಪೇಟೆಯದು ನನಗೆ ತುಂಬ ಇಷ್ಟವಾದ ಪಲ್ಲಟ. ಬಳೆ ಕೇಳಿಕೊಂಡು ಹೋದವರಿಗೆ ಅಲ್ಲಿ ತಬಲಾ, ಮೃದಂಗ, ಡೋಲು, ಹಾರ್ಮೋನಿಯಂ ಎದುರಾಗುತ್ತವೆ. ಕಚೇರಿ ಮಾಡುವ ವಿದ್ವಾಂಸರಿಂದ ಹಿಡಿದು ಊರಹಬ್ಬಕ್ಕೆ ತಮಟೆ ಒಯ್ಯುವವರವರೆಗೆ ಎಲ್ಲರೂ ಇಲ್ಲಿಗೆ ಬರಬೇಕು.

ಅಂಗಡಿಯ ಮುಂಭಾಗ ಬಿಟ್ಟು ಹಿಂದೆ ರಿಪೇರಿ ನಡೆಯುವಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಮೃದಂಗದ ಬಲಮುಖಕ್ಕೆ ಕರಣೆ ಹಾಕುವ ಕೆಲಸ. ಕಬ್ಬಿಣದ ಅಂಶವಿರುವ ಕಪ್ಪು ಪುಡಿ, ಅನ್ನದ ಗಂಜಿ ಕಲಸಿದ ಕಣಕ. ಚಿಟಿಕೆಯಷ್ಟು ತೆಗೆದು ಚರ್ಮದ ನಡುಮಧ್ಯೆ ಹೆಬ್ಬೆರಳಲ್ಲಿ ಹರಡುತ್ತಾರೆ, ನುಣ್ಣನೆಯ ಕಲ್ಲು ಹಿಡಿದು ಸುತ್ತಸುತ್ತ ಉಜ್ಜುತ್ತಾರೆ, ಒಣಗಿದ ಮೇಲೆ ಮತ್ತೊಂದು ಪದರ. ಪದರ ಮೇಲೇರಿದಂತೆ ವೃತ್ತ ಚಿಕ್ಕದಾಗುತ್ತದೆ, ನಡುವೆ ದಪ್ಪ, ಅಂಚಿಗೆ ತೆಳು. ಆಗಾಗ ಬೆರಳಿನಿಂದ ಒಮ್ಮೆ ಬಡಿದು ಕಿವಿಗೊಡುತ್ತಾರೆ. ಪಕ್ಕದಲ್ಲಿ ಹಾರ್ನ್, ಎದುರಿಗೆ ಮೈಕಿನಲ್ಲಿ ‘ಸೇಲ್ ಸೇಲ್’ ಎಂಬ ಕೂಗು. ಆ ಗದ್ದಲದಲ್ಲೂ ಅವರಿಗೆ ಬೇಕಾದ ನಾದ ಅವರಿಗೆ ಕೇಳಿಸುತ್ತದೆ. ಮಾತಾಡಿಸಬೇಕೆಂದಿದ್ದರೆ ಕಲ್ಲು ಕೆಳಗಿಡುವವರೆಗೆ ಕಾಯುವುದು ಮರ್ಯಾದೆ.

ಹಸಿವಾಗಿದ್ದರೆ ಅಲ್ಲೇ ಉಡುಪಿ ಶ್ರೀಕೃಷ್ಣ ಭವನ. ಆಲೂಗಡ್ಡೆ ಪಲ್ಯದ ಬದಲು ಸಾಗು ಹಾಕಿದ ಸಾಗು ಮಸಾಲೆ ದೋಸೆಯೇ ಅಲ್ಲಿನ ವಿಶೇಷ. ಬೆಂಗಳೂರಿನ ಬೇರೆ ಮಸಾಲೆ ದೋಸೆಗಳ ಜತೆ ತಾಳೆ ಹಾಕುವವರು ಹಾಕಲಿ, ನಾನು ಆ ಜಗಳಕ್ಕೆ ಇಳಿಯುವುದಿಲ್ಲ. ಸೀರೆ ಅಂಗಡಿಗೆ ಹೋಗುವ ಮುನ್ನ ತಿನ್ನಿ ಎಂಬುದಷ್ಟೇ ನನ್ನ ಮಾತು. ಒಳಗೆ ಎಷ್ಟು ಹೊತ್ತಾಗುತ್ತದೋ ಯಾರಿಗೂ ಹೇಳಲಾಗದು.

1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪೇಟೆಯ ನೇಕಾರರ ಬಗ್ಗೆ ವಿವರವಾಗಿ ಬರೆದಿದ್ದಾನೆ. ರೇಷ್ಮೆ ನೇಯುತ್ತಿದ್ದ ಖತ್ರಿಗಳು, ಪಟ್ಟೇಗಾರರು ಆಗಲೇ ಅವನ ಪುಸ್ತಕದಲ್ಲಿದ್ದಾರೆ. ಇವತ್ತು ಚಿಕ್ಕಪೇಟೆಯಲ್ಲಿ ಮಾರುವ ಸೀರೆ ಕಂಚಿ, ಧರ್ಮಾವರ, ಮೊಳಕಾಲ್ಮೂರು, ಬನಾರಸ್ ಹೀಗೆ ಎಲ್ಲಿಂದಲೋ ಬರುತ್ತದೆ. ಮಾರುವ ವಿಧಾನ ಮಾತ್ರ ಇಲ್ಲಿಯದು. ಬಿಳೀ ಹಾಸಿನ ಗಾದಿ, ಅದರ ಮೇಲೆ ಅಂಗಡಿಯವರು, ಎದುರಿಗೆ ನೀವು. “ಮದುವೆಗಾ ಅಮ್ಮಾ, ಕೊಡೋದಕ್ಕಾ?” ಎಂಬ ಒಂದೇ ಪ್ರಶ್ನೆಯಲ್ಲಿ ನಿಮ್ಮ ಬಜೆಟ್ಟಿನ ಅಂದಾಜು ಸಿಕ್ಕಿರುತ್ತದೆ. ಮಣಿಕಟ್ಟನ್ನು ಒಮ್ಮೆ ಒದರಿದರೆ ಸೆರಗು ಸರಿಯಾಗಿ ನಿಮ್ಮ ಮಡಿಲಿನ ಮುಂದೆಯೇ ಬಿಚ್ಚಿಕೊಳ್ಳುತ್ತದೆ. ಮೊದಲು ತೋರಿಸಿದ್ದನ್ನು ಎಂದೂ ಕೊಳ್ಳಬೇಡಿ. ಅದು ನಿಮ್ಮ ಮುಖ ಓದಲು ಬಿಚ್ಚಿದ್ದು.

ಅದಕ್ಕಿಂತ ಸ್ವಾರಸ್ಯದ ವ್ಯಾಪಾರ ಅವೆನ್ಯೂ ರಸ್ತೆಯ ಆಸುಪಾಸಿನ ಸಂದಿಗಳಲ್ಲಿದೆ. ‘ಹಳೇ ರೇಷ್ಮೆ ಜರಿ ಸೀರೆ ಕೊಳ್ಳುತ್ತೇವೆ’ ಎಂಬ ಪುಟ್ಟ ಬೋರ್ಡು, ಒಳಗೆ ಇಬ್ಬರು ಕೂರುವಷ್ಟು ಜಾಗ, ಒಂದು ತಕ್ಕಡಿ, ಒಂದು ಒರೆಗಲ್ಲು. ಒಳ್ಳೆಯ ಜರಿ ಎಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿ, ಅದರ ಮೇಲೆ ಚಿನ್ನದ ಲೇಪ. ಹೆಚ್ಚಿನದು ಸೂರತ್ತಿನಿಂದ ಬರುತ್ತದೆ. ಈಗಿನ ಎಷ್ಟೋ ಸೀರೆಗಳಲ್ಲಿ ಬೆಳ್ಳಿಯ ಜಾಗಕ್ಕೆ ತಾಮ್ರ ಅಥವಾ ಹೊಳೆಯುವ ಪ್ಲಾಸ್ಟಿಕ್ ಎಳೆ ಬಂದಿದೆ. ಹಾಗಾಗಿ ಇವರ ಕಣ್ಣು ನೆಟ್ಟಿರುವುದು ಹಳೆಯದರ ಮೇಲೆ. ಒಮ್ಮೆ ನನ್ನೆದುರೇ ವಯಸ್ಸಾದ ತಾಯಿಯೊಬ್ಬರು ಹಸಿರು ಸೀರೆ ತೆಗೆದಿಟ್ಟರು. ಒಡಲೆಲ್ಲ ಮಡಿಕೆಯಲ್ಲಿ ಸೀಳಿತ್ತು. ಅಂಗಡಿಯವರು ಸೀರೆಯ ಬಣ್ಣವನ್ನು ನೋಡಲೇ ಇಲ್ಲ, ಅಂಚನ್ನು ಮಗುಚಿ ಹಿಂಬದಿಯಿಂದ ಒಂದೆಳೆ ಎಳೆದು ಕಲ್ಲಿಗೆ ತಿಕ್ಕಿದರು, ಬೆಳಕಿಗೆ ಹಿಡಿದರು.

“ಯಾವ ಕಾಲದ್ದಮ್ಮಾ?”

“ನಮ್ಮತ್ತೆ ಧಾರೆಗೆ ಉಟ್ಟಿದ್ದಪ್ಪ.”

“ಹಂಗಾರೆ ಸರಿ. ಈಗಿಂದಾಗಿದ್ರೆ ವಾಪಸ್ ಕಳಿಸ್ತಿದ್ದೆ.”

ತೂಕ ಹಾಕಿದರು, ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದರು. ಆಕೆ ಇನ್ನೊಂದು ಅಂಗಡಿ ನೋಡಿಕೊಂಡು ಬರುತ್ತೇನೆಂದು ಎದ್ದರು, ಇವರು ಐನೂರು ಏರಿಸಿದರು, ಆಕೆ ಕೂತರು. ಕೊಂಡ ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಕೇಳಿ ಮುಖ ಸಿಂಡರಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಬೋರ್ಡಿನಲ್ಲಿ ನುಸಿ ತಿನ್ನುವುದಕ್ಕಿಂತ ಮೊಮ್ಮಗಳ ಕಾಲಿಗೆ ಗೆಜ್ಜೆಯಾಗುವುದು ವಾಸಿ.

ಕತ್ತಲಾದ ಮೇಲೆ ಪೇಟೆಯಲ್ಲಿ ನಡೆಯಲು ವರ್ಷಕ್ಕೊಂದು ರಾತ್ರಿ ಇದೆ, ಚೈತ್ರ ಪೌರ್ಣಮಿ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಹೂವಿನ ಕರಗ, ಕತ್ತಿ ಹಿಡಿದ ವೀರಕುಮಾರರ ನಡುವೆ, ಇದೇ ಬೀದಿಗಳಲ್ಲಿ ಬೆಳಗಿನವರೆಗೆ ಸಂಚರಿಸುತ್ತದೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಅಂದು ಚೀಟಿ ಬೇಡ, ಆದರೆ ಕಾಲು ಗಟ್ಟಿ ಇರಬೇಕು.

ಭಾನುವಾರ ಬಿಟ್ಟರೆ ಬಿಡುವೇ ಇಲ್ಲ ಎನ್ನುವವರಿಗೂ ದಾರಿಯಿದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ಮುಚ್ಚಿದ ಅಂಗಡಿಗಳ ಮುಂದೆ ಅಂದು ಸಂಡೇ ಬಜಾರ್ ಕೂರುತ್ತದೆ. ಟಾರ್ಪಾಲಿನ ಮೇಲೆ ಹಳೇ ಸ್ಪ್ಯಾನರ್, ಡ್ರಿಲ್ಲಿಂಗ್ ಮಷೀನು, ಬಾಗಿಲ ಹಿಡಿ, ತಾಮ್ರದ ಹಂಡೆಯ ಮುಚ್ಚಳ, ರೀಲು ಹಾಕುವ ಕ್ಯಾಮೆರಾ, ಒಂಟಿ ಬೂಟು. ಕೈಕೆಲಸದ ಹತಾರ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆ ಜಾಗವಿಲ್ಲ. ಹಳೇ ಉಕ್ಕಿನ ಗುಣ ಹೊಸದಕ್ಕಿಲ್ಲ ಎಂದು ಬಡಗಿಗಳೇ ಹೇಳುತ್ತಾರೆ. ಗಡಿಯಾರ, ಮೊಬೈಲು ಮುಟ್ಟಬೇಡಿ. ಹೇಳಿದ ಬೆಲೆಯ ಮೂರನೇ ಒಂದು ಭಾಗದಿಂದ ಚೌಕಾಸಿ ಶುರುಮಾಡಿ. ಏಳೂವರೆಯೊಳಗೆ ಅಲ್ಲಿರಿ, ತಡವಾದರೆ ಒಳ್ಳೆಯದನ್ನೆಲ್ಲ ಗುಜರಿಯವರೇ ಆರಿಸಿಕೊಂಡು ಹೋಗಿರುತ್ತಾರೆ.